ದೊಡ್ಡಪಾಲಯ್ಯನ ಎರಡನೇ ಬಟ್ಟಲು

ಚಳ್ಳಕೆರೆಯ ಬಿಸಿಲಿಗೆ ಡಾಂಬರು ಕರಗುತ್ತದೆ, ಚಪ್ಪಲಿ ಕರಗುತ್ತದೆ, ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ನಿಂತವನ ನೆರಳೂ ಕರಗುತ್ತದೆ. ಆದರೆ ಒಂದೇ ಒಂದು ಬಾಯಿಮಾತಿಗೆ ಸಂಸಾರ ಕರಗಿದ್ದು ಈರೇಶನ ಮನೆಯಲ್ಲೇ ಮೊದಲು. ಮಾತೂ ದೊಡ್ಡದೇನಲ್ಲ. ಒಂದು ರಾತ್ರಿ ಊಟಕ್ಕೆ ಕೂತವನು ಹೆಂಡತಿ ಸ್ವಪ್ನ ಮಾಡಿದ ಬಾಡಿನ ಸಾರಿಗೆ ಬೆರಳು ಅದ್ದಿ, ನೆಕ್ಕಿ, "ಅಡುಗೆ ಅನ್ನೋದು ಏನ್ ಮಹಾ ಕೆಲಸ? ನಾನಾದ್ರೆ ಒಂದು ಕೈ ಜೇಬಲ್ಲಿಟ್ಕೊಂಡೇ ಮಾಡ್ತೀನಿ" ಅಂದುಬಿಟ್ಟ.

ಸ್ವಪ್ನ ಜಗಳ ಆಡಲಿಲ್ಲ. ಪಾತ್ರೆ ತೊಳೆದಳು, ಮಲಗಿದಳು, ಬೆಳಿಗ್ಗೆ ಮೊದಲ ಬಸ್ಸಿಗೆ ರಾಂಪುರದ ಆಚೆಗಿನ ತನ್ನ ಅಪ್ಪನ ಹಟ್ಟಿಗೆ ಹೊರಟುಹೋದಳು. ಹಿರಿಯೂರಿನಲ್ಲಿ ಯಾರಾದರೂ ಸೀನಿದರೂ ಬೊಗಳುವ ನಮ್ಮ ಬೀದಿಯ ನಾಯಿಗಳಿಗೇ ಅವಳು ಹೋದದ್ದು ಗೊತ್ತಾಗಲಿಲ್ಲ.

ಈರೇಶ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಹೆಂಡತಿ ಹೋದ ಮೇಲೆ ಬೆಳಿಗ್ಗೆ ಹೋಟೆಲಿನ ಚಿತ್ರಾನ್ನ, ಮಧ್ಯಾಹ್ನ ಅದೇ ಹೋಟೆಲಿನ ಉಳಿದ ಚಿತ್ರಾನ್ನ, ರಾತ್ರಿ ಮಂಡಕ್ಕಿ ತಿಂದು ಎಷ್ಟು ಸೊರಗಿದನೆಂದರೆ, ಮಿಲ್ಲಿನ ಫ್ಯಾನು ಹಾಕಿದಾಗ ಕಂಬ ಹಿಡಿದುಕೊಂಡು ನಿಲ್ಲಬೇಕಾಗಿತ್ತು. ಅಷ್ಟರಲ್ಲಿ ಸ್ವಪ್ನಳ ಫೋನು ಬಂತು.

"ಭಾನುವಾರ ಅಪ್ಪನ್ನ ಕರ್ಕೊಂಡು ಬರ್ತೀನಿ. ನೀವೇ ಬಾಡು ಮಾಡ್ಬೇಕು. ಎರಡೂ ಕೈ ಹಾಕಿ ಮಾಡಿ, ಪರವಾಗಿಲ್ಲ. ಅಪ್ಪ ತಿಂದು ಇನ್ನೊಂದು ಬಟ್ಟಲು ಹಾಕು ಅಂದ್ರೆ ನಾನು ಅಲ್ಲೇ ಇರ್ತೀನಿ. ಕೇಳ್ಲಿಲ್ಲ ಅಂದ್ರೆ ಸಂಜೆ ಬಸ್ಸಿಗೆ ಅಪ್ಪನ ಹಿಂದೆ ನಾನೂ ವಾಪಸ್."

"ಮಾವಂಗೆ ಬಾಯಲ್ಲಿ ಒಂದು ಹಲ್ಲೂ ಇಲ್ವಲ್ಲೇ!"

"ಅದು ನಿಮ್ಮ ತಲೆನೋವು."

ಮಾವ ದೊಡ್ಡಪಾಲಯ್ಯ ಸಾಮಾನ್ಯ ಮನುಷ್ಯನಲ್ಲ. ಹರೆಯದಲ್ಲಿ ಆತ ಕುರಿಯ ತೊಡೆಮೂಳೆ ಕಡಿದ ಸದ್ದಿಗೆ ಆಚೆ ಗುಡ್ಡದ ಮಂದೆ ಚದುರಿ ಓಡುತ್ತಿತ್ತಂತೆ. ಈಗ ಹಲ್ಲಿನ ಡಾಕ್ಟರು ಅಷ್ಟೂ ಹಲ್ಲು ಕಿತ್ತು, ಒಸಡು ಮಾಗಿದ ಮೇಲೆ ಹೊಸ ಸೆಟ್ಟು ಕಟ್ಟೋಣ ಎಂದಿದ್ದರು. ಅಲ್ಲಿಂದ ಮುದುಕನಿಗೆ ಅಂಬಲಿಯೇ ಗತಿ, ಸಿಟ್ಟೇ ಉಪ್ಪಿನಕಾಯಿ. ಹೆಂಡತಿ ಸೂರಮ್ಮ ಹೂವಿನ ಹಾಗೆ ಬೇಯಿಸಿ ಕೊಟ್ಟ ಬಾಡನ್ನೂ "ಕಲ್ಲು" ಎಂದು ತಳ್ಳುತ್ತಿದ್ದ. ಎರಡನೇ ಬಟ್ಟಲು ಹಾಗಿರಲಿ, ಮೊದಲನೆಯದನ್ನು ಮುಗಿಸಿದ್ದನ್ನೇ ಯಾರೂ ನೋಡಿರಲಿಲ್ಲ.

ಈರೇಶ ಫೋನಿನಲ್ಲಿ ಅಡುಗೆ ಹುಡುಕಿದ. ಒಬ್ಬ ಬಿಳಿಯ ಹೆಂಗಸು, ನಮ್ಮ ಎಣ್ಣೆ ಮಿಲ್ಲಿಗಿಂತ ದೊಡ್ಡದಾದ ಅಡುಗೆಮನೆಯಲ್ಲಿ, ದನದ ಮಾಂಸ, ಆಲೂಗಡ್ಡೆ, ಈರುಳ್ಳಿ ಎಲ್ಲ ಒಂದೇ ಪಾತ್ರೆಗೆ ಹಾಕಿ, ಕೊನೆಗೆ ಕೆನೆ ಸುರಿದು ಕದಡಿದಳು. ಬೆಳ್ಳಗೆ, ಮಂದವಾಗಿ, ಗಂಟಲಿಗೆ ತಾನಾಗಿ ಜಾರುವಂಥ ಸೂಪು. ಈರೇಶ ಮಂಚದ ಮೇಲೆ ಎದ್ದು ಕೂತ. ಆಕೆಯದು ದನದ ಸೀಮೆ, ನಮ್ಮದು ಕುರಿಯ ಸೀಮೆ. ಅಷ್ಟು ಬದಲಾಯಿಸಿದರೆ ಮುಗಿಯಿತು.

ಭಾನುವಾರ ಕೋಳಿ ಕೂಗುವ ಮೊದಲೇ ಮುದ್ದಪ್ಪನ ಮಟನ್ ಅಂಗಡಿ ಮುಂದೆ ನಿಂತ. "ಮೂಳೆ ಬೇಡ. ಬರೀ ಮೆತ್ತಂದು ಕೊಡು."

ಮುದ್ದಪ್ಪ ಮಚ್ಚು ಕೆಳಗಿಟ್ಟ. "ಮೂಳೆ ಬ್ಯಾಡ ಅನ್ನೋ ಗಿರಾಕಿನ ಇವತ್ತೇ ನೋಡಿದ್ದು. ಮನೇಲಿ ಯಾರಿಗೆ ಹುಷಾರಿಲ್ಲಪ್ಪಾ?" ಎಂದು ಮರುಕದಿಂದ ಒಂದು ಟಗರಿನ ತೊಡೆ ಕೊಯ್ದು ಕೊಟ್ಟ. ಆ ಟಗರಿನ ವಯಸ್ಸು ಕೇಳಬೇಡಿ. ಸಿದ್ದಾಪುರದ ಬಂಡೆಯ ಮೇಲೆ ಅಶೋಕನ ಶಾಸನ ಕೆತ್ತುವಾಗ ಅದು ಪಕ್ಕದಲ್ಲೇ ಮೇಯುತ್ತಾ ನಿಂತು ನೋಡಿರಬೇಕು.

ಕುಕ್ಕರಿಗೆ ಬಾಡು, ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಮೆಣಸು ಎಲ್ಲ ಬಿದ್ದವು. ಕುಕ್ಕರು ಕೂಗಿತು. ಮತ್ತೆ ಕೂಗಿತು. ತೆಗೆದು ನೋಡಿದರೆ ಬಾಡು ಹಾಕಿದ ಹಾಗೇ ಕೂತಿತ್ತು. ಮುಚ್ಚಿದ, ಮತ್ತೆ ಕೂಗಿತು. ಕೂಗಿ ಕೂಗಿ ಕುಕ್ಕರಿನ ಗಂಟಲೇ ಒಡೆದು ಕೊನೆಗೆ ಬರೀ ಕೆಮ್ಮತೊಡಗಿತು.

ಎದುರುಮನೆಯ ಕಾಟಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದ. ಇವನೂ ಅದೇ ಮಿಲ್ಲಿನವನು. "ಲೇ ಈರೇಶ, ಇದು ಮನೆಯೋ ರೈಲ್ವೆ ಸ್ಟೇಷನ್ನೋ? ನನ್ ಹೆಂಡ್ತಿ ಬ್ಯಾಗ್ ಹಿಡ್ಕೊಂಡು ಹೊರಗೆ ಬಂದು ನಿಂತವ್ಳೆ ಕಣಲೇ!"

ಈರೇಶ ಗೋಳು ಹೇಳಿಕೊಂಡ. ಕಾಟಪ್ಪನಿಗೆ ಕರುಣೆ ಉಕ್ಕಿತು. ಬೇಕರಿಗೆ ಹೋಗಿ ಒಂದು ಡಬ್ಬಿ ಕೆನೆಯನ್ನೂ, ತನ್ನ ಕರುಣೆಯ ಕೂಲಿಯೆಂದು ಒಂದು ಪ್ಯಾಕೆಟ್ ಬನ್ನನ್ನೂ ಈರೇಶನ ಲೆಕ್ಕದಲ್ಲೇ ತಂದ. ಇನ್ನೇನು ಡಬ್ಬಿ ಒಡೆದು ಬಗ್ಗಿಸಬೇಕು, ಹಿಂದಿನಿಂದ ಒಂದು ಕೈ ಬಂದು ಅದನ್ನು ಕಿತ್ತುಕೊಂಡಿತು.

ಪಕ್ಕದ ಮನೆಯ ಪಾತಮ್ಮ. ಆಕೆಯ ತವರು ದೊಡ್ಡಪಾಲಯ್ಯನ ಹಟ್ಟಿಯ ಮಗ್ಗುಲಲ್ಲೇ.

"ನಿನ್ ಮನೆ ಕಾಯೋಗ! ಬಾಡಿಗೆ ಹಾಲಿನ್ ಕೆನೆ ಹಾಕ್ತೀಯಾ? ಅದೂ ದೊಡ್ಡಪಾಲಯ್ಯಂಗೆ?"

"ಯಾಕೆ ಪಾತಕ್ಕಾ, ಹಾಕಿದ್ರೆ ಏನಾಗ್ತೈತೆ?"

"ಅವ್ರ ಹಟ್ಟೀಲಿ ಹಾಲಿಗೆ ಬೇರೆ ಒಲೆ, ಬಾಡಿಗೆ ಬೇರೆ ಒಲೆ ಕಣಪ್ಪಾ. ಎರಡೂ ಒಂದೇ ಪಾತ್ರೆಗೆ ಬಿದ್ರೆ ಮಂದೆಲಿರೋ ಕುರಿಗಳ ಕೆಚ್ಚಲು ಬತ್ತಿ ಹೋಗ್ತೈತೆ ಅಂತಾರೆ. ಇದು ಮರಿ ಹಾಕೋ ಕಾಲ ಬೇರೆ. ಅಳಿಯ ಗಿಳಿಯ ಅಂತ ನೋಡಲ್ಲ, ಬಟ್ಟಲು ನಿನ್ ತಲೆ ಮೇಲೆ ಕವುಚಿ ಎದ್ದು ಹೋಗ್ತಾನೆ."

ಮದುವೆಯಾಗಿ ಮೂರು ವರ್ಷವಾದರೂ ಈರೇಶನಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಲು ಅಡುಗೆಮನೆಗೆ ಹೋಗಬೇಕಾಗಿತ್ತು. ಅವನ ಮುಖ ಹಿಂಡಿದ ನಿಂಬೆಹಣ್ಣಾಯಿತು. "ಕೆನೆ ಇಲ್ದೆ ಮಂದ ಆಗೋದು ಹೆಂಗಕ್ಕಾ?"

"ದಿನಾ ಶೇಂಗಾ ರಾಶೀಲಿ ಬಿದ್ದು ಒದ್ದಾಡ್ತೀವಿ, ಕೆನೆ ಯಾಕಲೇ?" ಎಂದ ಕಾಟಪ್ಪ. "ನೆನೆಸಿ ಸಿಪ್ಪೆ ತೆಗೆದು ರುಬ್ಬು. ಹಾಲು ಬಂದು ನಾಚ್ಕೋಬೇಕು, ಅಷ್ಟು ಬೆಳ್ಳಗೆ ಬರ್ತೈತೆ."

ಶೇಂಗಾ ಮಿಕ್ಸಿಗೆ ಬಿತ್ತು. ಗುಂಡಿ ಒತ್ತಿದ. ಚಳ್ಳಕೆರೆಯ ಕರೆಂಟು ಇದಕ್ಕೇ ಕಾದು ಕೂತಿದ್ದ ಹಾಗೆ ಅದೇ ಗಳಿಗೆಗೆ ಹೋಯಿತು. ಸರಿ, ಮೆರವಣಿಗೆ ಪಾತಮ್ಮನ ಹಿತ್ತಲಿನ ಒರಳುಕಲ್ಲಿನ ಕಡೆ ಹೊರಟಿತು. ಪಾತಮ್ಮ ಕುಕ್ಕರಿನ ಮುಚ್ಚಳ ತೆಗೆದು ಬಗ್ಗಿ ನೋಡಿದಳು. ಆಲೂಗಡ್ಡೆ ಕರಗಿ ಗುರುತು ಸಿಗದಂತಾಗಿತ್ತು. ಬಾಡು ಮಾತ್ರ ಅಲ್ಲಾಡಿರಲಿಲ್ಲ.

"ಆಲೂಗಡ್ಡೆ ಸತ್ತೈತೆ, ಟಗರು ಇನ್ನೂ ಬದುಕೈತೆ. ಇದನ್ನೂ ಒರಳಿಗೆ ಹಾಕು. ಹಲ್ಲಿಲ್ದೋನಿಗೆ ಇದೇ ಹಲ್ಲು."

ಈರೇಶ ರುಬ್ಬಿದ. ಅವನು ರುಬ್ಬಿದ ರಭಸಕ್ಕೆ ಪಕ್ಕದ ಬೀದಿಯ ಬೋರ್‌ವೆಲ್ಲಿನಲ್ಲಿ ನೀರು ಮೇಲಕ್ಕೆ ಬಂತು ಎಂದು ಹೇಳುವವರಿದ್ದಾರೆ. ನಾನು ಒಂದು ಮೊಳ ಅಂತ ಮಾತ್ರ ಹೇಳುತ್ತೇನೆ. ಎಲ್ಲ ಸೇರಿಸಿ ಒಲೆಯ ಮೇಲಿಟ್ಟಾಗ ಈರೇಶ ಉಪ್ಪು ಹಾಕಿದ. ಅವನು ಬೆವರು ಒರೆಸಿಕೊಳ್ಳಲು ಹೋದಾಗ ಪಾತಮ್ಮ ಹಾಕಿದಳು. ಇಬ್ಬರೂ ಹಾಕಿದ್ದು ಗೊತ್ತಿಲ್ಲದ ಕಾಟಪ್ಪ ಮುಷ್ಟಿ ತುಂಬ ಹಾಕಿದ. ರುಚಿ ನೋಡಿದರೆ ಮಂಗಳೂರಿನ ಸಮುದ್ರ. ಉಪ್ಪು ಎಳೆಯಲೆಂದು ಇನ್ನಷ್ಟು ಆಲೂಗಡ್ಡೆ ಬೇಯಿಸಿ ಹಿಸುಕಿ ಹಾಕಿದರು. ಕಲ್ಲಾಯಿತು. ನೀರು ಹುಯ್ದರು. ತೆಳ್ಳಗಾಯಿತು. ಮತ್ತೆ ಶೇಂಗಾ. ಬೆಳೆಯುತ್ತಾ ಬೆಳೆಯುತ್ತಾ ಸೂಪು ಕುಕ್ಕರು ದಾಟಿ ಪಾತಮ್ಮನ ದೊಡ್ಡ ಡಬರಿಗೆ ಏರಿತು. ಕೊನೆಗೆ ಬೆಳ್ಳಗೆ, ಮಂದವಾಗಿ, ಮೆಣಸಿನ ಘಮದೊಂದಿಗೆ ಗುಳುಗುಳು ಎನ್ನುತ್ತಾ ಕೂತಾಗ, ಅದರಲ್ಲಿ ಏನೇನು ಎಷ್ಟೆಷ್ಟು ಬಿದ್ದಿದೆ ಎಂದು ಜಡ್ಜಿನ ಮುಂದೆ ನಿಲ್ಲಿಸಿ ಕೇಳಿದರೂ ಮೂವರಲ್ಲಿ ಯಾರೂ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಮಧ್ಯಾಹ್ನ ದೊಡ್ಡಪಾಲಯ್ಯ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಮಂಚದ ಮೇಲೆ ಕೂತ. ಸ್ವಪ್ನ ಬ್ಯಾಗನ್ನು ಒಳಗೆ ತರಲಿಲ್ಲ, ಹೊಸ್ತಿಲ ಹತ್ತಿರವೇ ಇಟ್ಟಳು. ಕಾಟಪ್ಪ, ಪಾತಮ್ಮ ಗೋಡೆಗೆ ಒರಗಿ ನಿಂತರು. ಈರೇಶ ಮಾವನ ಮುಂದೆ ಬಟ್ಟಲು ಇಟ್ಟ.

ಮಾವ ಬಟ್ಟಲನ್ನು ನೋಡಿದ, ಅಳಿಯನನ್ನು ನೋಡಿದ. "ಏಮಯ್ಯಾ, ಇದ್ಯಾಕೆ ಇಷ್ಟು ಬೆಳ್ಳಗೈತೆ? ಹಾಲು ಹಾಕಿದ್ದೀಯಾ?"

"ಇಲ್ಲ ಮಾವ! ಶೇಂಗಾ, ಆಲೂಗಡ್ಡೆ, ಅಷ್ಟೇರಿ."

ಸ್ವಪ್ನ ಎದ್ದು ಅಡುಗೆಮನೆಗೆ ಹೋದಳು. ವಾಪಸು ಬಂದಾಗ ಅವಳ ಕೈಯಲ್ಲಿ ಕೆನೆಯ ಡಬ್ಬಿ ಇತ್ತು. ಖಾಲಿ. ಬೋರಲು ಹಾಕಿದರೆ ಒಂದು ಹನಿ ಬೀಳಲಿಲ್ಲ. "ಇದೇನ್ರೀ?"

ಈರೇಶ ಡಬ್ಬಿ ಕಿತ್ತುಕೊಂಡು ಒಳಗೆ ಇಣುಕಿದ. ಆ ಡಬ್ಬಿ ತುಂಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ದೊಡ್ಡಪಾಲಯ್ಯ ಬಟ್ಟಲು ದೂರ ತಳ್ಳಿ, ಕಂಬಳಿ ಹೆಗಲಿಗೇರಿಸಿ ಎದ್ದ. "ನಡಿ ತಾಯಿ, ಬಸ್ಸು ಸಿಗ್ತೈತೆ." ಸ್ವಪ್ನ ಬ್ಯಾಗಿಗೆ ಕೈ ಹಾಕಿದಳು.

"ನಿಲ್ರಿ ಯಜಮಾನ್ರೇ," ಎಂದ ಕಾಟಪ್ಪ ನೆಲ ನೋಡುತ್ತಾ. "ಅದನ್ನ ನಾನು ತಿಂದೆ."

"ಡಬ್ಬಿ ಪೂರ್ತೀನಾ?"

"ಬನ್ನಿಗೆ ಹಚ್ಕೊಂಡು. ರುಬ್ಬಿ ರುಬ್ಬಿ ಸುಸ್ತಾಗಿತ್ತು."

"ರುಬ್ಬಿದ್ದು ನಾನು ಕಣಲೇ!" ಎಂದು ಈರೇಶ ಚೀರಿದ.

"ನೋಡ್ತಾ ನಿಂತಿದ್ನಲ್ಲ, ಅದೇನು ಕಡಿಮೆ ಸುಸ್ತಾ?"

ದೊಡ್ಡಪಾಲಯ್ಯ ಕಾಟಪ್ಪನ ಹತ್ತಿರ ಬಂದು ಅವನ ಮೀಸೆಯ ತುದಿಯನ್ನು ಹೆಬ್ಬೆರಳಿನಿಂದ ಒರೆಸಿ ಮೂಸಿ ನೋಡಿದ. ಅರವತ್ತು ವರ್ಷ ಹಾಲು ಕರೆದ ಮೂಗು ಅದು. "ಕೆನೆನೇ," ಎಂದು ತೀರ್ಪು ಕೊಟ್ಟ. ಪಾತಮ್ಮನೂ ದನಿ ಸೇರಿಸಿದಳು: "ನನ್ ಕೈಯಾರೆ ಕಿತ್ಕೊಂಡಿದೀನಣ್ಣಾ. ಬಾಡಿಗೆ ಒಂದು ಹನಿ ಬಿದ್ದಿಲ್ಲ. ತವರಿನಾಣೆ."

ಮುದುಕ ಮತ್ತೆ ಕೂತ. ಒಂದು ಗುಟುಕು ಕುಡಿದ. ಮನೆಯೊಳಗಿನ ನೊಣಗಳೂ ಹಾರುವುದು ನಿಲ್ಲಿಸಿದವು. ಇನ್ನೊಂದು ಗುಟುಕು. ಕಣ್ಣು ಮುಚ್ಚಿದ. ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದವನು ಕೆಳಗಿಳಿಸಿದಾಗ ಒಳಗೆ ತೊಳೆದಷ್ಟು ಸ್ವಚ್ಛವಾಗಿತ್ತು.

"ಬಾಡಿನ ರುಚಿ ಮರ್ತೇ ಹೋಗಿತ್ತು ಕಣಪ್ಪಾ," ಎಂದ. ಕಣ್ಣಂಚು ಒದ್ದೆಯಾಗಿತ್ತು. "ಇನ್ನೊಂದು ಬಟ್ಟಲು ಹಾಕು."

ಈರೇಶನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯೊಂದು ಹಾರಿ ಕಾಟಪ್ಪನ ಹಣೆಗೆ ಬಡಿಯಿತು. ಮೂರನೆಯದೂ ಆಯಿತು, ನಾಲ್ಕನೆಯದೂ ಆಯಿತು. ಸ್ವಪ್ನ ತಾನೂ ಒಂದು ಬಟ್ಟಲು ಕುಡಿದಳು. "ಚೆನ್ನಾಗೇ ಐತೆ. ಸೋತೆ ಬಿಡಿ," ಎಂದು ಬ್ಯಾಗು ಒಳಗೆ ತಂದು ಜಿಪ್ಪು ಎಳೆದಳು. ಮೊದಲ ಸೀರೆ ಕಪಾಟಿಗೆ ಹೋಯಿತು.

"ತಾಯಿ," ಎಂದ ದೊಡ್ಡಪಾಲಯ್ಯ, "ಅದನ್ನ ವಾಪಸ್ ಹಾಕ್ಕೋ."

"ಯಾಕಪ್ಪಾ?"

"ಹಲ್ಲು ಕಟ್ಟೋವರ್ಗೂ ನಾನು ಇಲ್ಲೇ ಇರ್ತೀನಿ. ಇಷ್ಟು ದಿನಕ್ಕೆ ಇವತ್ತು ಹೊಟ್ಟೆ ತಣ್ಣಗಾತು. ಆದ್ರೆ ನಿಮ್ಮವ್ವ ಒಬ್ಳೇ ಮಂದೆ ನೋಡ್ಕೊಳಾಕೆ ಆಗಲ್ಲ, ಕುರಿ ಮರಿ ಹಾಕ್ತಾ ಅವೆ. ನೀನು ಹೋಗಿ ಅವ್ವಂಗೆ ಆಸರೆಯಾಗು."

ಈರೇಶ ಮಂಚದ ಕಾಲು ಹಿಡಿದುಕೊಂಡ. "ಮಾವ, ನೀವು ಇರಿ, ಖಂಡಿತಾ ಇರಿ. ಸ್ವಪ್ನನೂ ಇರ್ಲಿ, ಅವಳೇ ನಿಮಗೆ ದಿನಾ ಮಾಡಿ ಹಾಕ್ತಾಳೆ..."

"ಅವಳ ಕೈಯೂಟ ನಂಗೆ ಹೊಸದಲ್ಲ. ಇದು ನಿನ್ನ ಕೈದು," ಎಂದು ಮಾವ ಕಂಬಳಿ ಹಾಸಿ ಉರುಳಿಕೊಂಡ. "ರಾತ್ರಿಗೂ ಇದೇ ಇರ್ಲಿ. ಸರಿಯಾಗಿ ಹಿಂಗೇ ಇರ್ಬೇಕು."

ಈರೇಶ ಪಾತಮ್ಮನ ಕಡೆ ನೋಡಿದ. ಪಾತಮ್ಮ ಕಾಟಪ್ಪನ ಕಡೆ ನೋಡಿದಳು. ಕಾಟಪ್ಪ ಬಾಗಿಲಿನ ಕಡೆ ನೋಡಿ, ಅದರಲ್ಲೇ ಹೊರಟುಹೋದ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಈರೇಶ ಬಸ್ಸಿನ ಕಿಟಕಿಯ ಸರಳು ಹಿಡಿದು ನಿಂತಿದ್ದ.

"ಯಾವಾಗ ಬರ್ತೀಯಾ?"

"ಅಪ್ಪ ಹಟ್ಟಿಗೆ ಬಂದ ದಿನ."

"ಅವ್ರು ಯಾವಾಗ ಬರ್ತಾರೆ?"

"ನೀವು ಮಾಡಿದ್ದು ಸೇರ್ಲಿಲ್ಲ ಅಂದ್ರೆ ನಾಳೆನೇ ಎದ್ದು ಬರ್ತಾರೆ."

ಈರೇಶನ ಮುಖ ಅರಳಿತು. "ಹಂಗಾದ್ರೆ ರಾತ್ರಿನೇ ಕೆಡಿಸಿಬಿಡ್ತೀನಿ!"

"ಕೆಡಿಸಿ," ಎಂದಳು ಸ್ವಪ್ನ, ಸೆರಗು ಸರಿಮಾಡಿಕೊಳ್ಳುತ್ತಾ. "ಆದ್ರೆ ಅಪ್ಪ ಇನ್ನೊಂದು ಬಟ್ಟಲು ಕೇಳ್ಲಿಲ್ಲ ಅಂದ್ರೆ ನಾನು ಬರಲ್ಲ ಅಂತ ಮಾತಾಗೈತೆ. ಅದನ್ನೂ ನೋಡ್ಕೊಳ್ಳಿ."

ಕಂಡಕ್ಟರು ಸೀಟಿ ಊದಿದ. ಬಸ್ಸು ರಾಂಪುರದ ಕಡೆ ತಿರುಗಿ ಕಣ್ಮರೆಯಾಗುವವರೆಗೆ ನಿಂತಿದ್ದು, ಈರೇಶ ಆಲೂಗಡ್ಡೆ ಕೊಳ್ಳಲು ಮಾರ್ಕೆಟ್ಟಿನ ಕಡೆ ನಡೆದ.