ಮನೆಯಲ್ಲಿ ಎಷ್ಟು ಜನ?

ಕರೆಗಂಟೆಯ ಪಕ್ಕದಲ್ಲಿ ಹೆಸರಿನ ಚೀಟಿ ಇರಲಿಲ್ಲ. ಅನೀಬಲ್ ಮೇಷ್ಟ್ರ ತಾಪತ್ರಯ ಶುರುವಾದದ್ದು ಅಲ್ಲಿಂದ.

ಅವರು ಉರುಗ್ವೆಯಲ್ಲಿ ಮೂವತ್ತೆಂಟು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಹೆಂಡತಿ ಸದಾ ಇಟಲಿ ಇಟಲಿ ಎಂದು ಕನವರಿಸುತ್ತಲೇ ತೀರಿಕೊಂಡರು. ಮೇಷ್ಟ್ರು ಇದ್ದೊಂದು ಮನೆ ಮಾರಿ ಹೊರಟೇಬಿಟ್ಟರು. ಕೆಲಸದ ವೀಸಾಕ್ಕೆ ಕೆಲಸ ಕೊಡುವವರು ಬೇಕು. ಓದಿನ ವೀಸಾ ಕೇಳಲು ನಾಚಿಕೆ. ‘ಪಿಂಚಣಿಯಲ್ಲೇ ಬದುಕುತ್ತೇನೆ, ದುಡಿಯುವುದಿಲ್ಲ’ ಎನ್ನುವವರಿಗೂ ಒಂದು ವೀಸಾ ಉಂಟು. ಅದು ಸಿಕ್ಕಿತು. ರೋಕ್ಕಸೆಲ್ವ ಎಂಬ ಗುಡ್ಡದೂರಿನಲ್ಲಿ ಬಹುಕಾಲ ಬೀಗ ಬಿದ್ದಿದ್ದ ಒಂದು ಕಲ್ಲಿನ ಮನೆಯೂ ಅಗ್ಗಕ್ಕೆ ಸಿಕ್ಕಿತು.

ಇನ್ನು ಉಳಿದದ್ದು ಒಂದೇ. ಮನುಷ್ಯ ನಿಜವಾಗಿ ಆ ಮನೆಯಲ್ಲಿದ್ದಾನೋ ಇಲ್ಲವೋ ಎಂದು ಪುರಸಭೆಯ ಪೊಲೀಸು ಹೇಳದೆ ಕೇಳದೆ ಬಂದು ಕಣ್ಣಾರೆ ನೋಡಬೇಕು. ಆಮೇಲೇ ನಿವಾಸಿಯೆಂದು ದಾಖಲೆ. ಆ ಪೊಲೀಸು ಕ್ವಿರೀನೊ, ಊರಿಗೆ ಹೊಸಬ. ಎರಡು ಸಲ ಬಂದು, ಎರಡು ಸಲವೂ ‘ಹೆಸರಿಲ್ಲ, ಮನೆ ಖಾಲಿ’ ಎಂದು ಬರೆದುಕೊಂಡು ಹೋಗಿದ್ದ. ಕೊನೆಯ ಭೇಟಿ ಗುರುವಾರ ಎಂದು ಗುಟ್ಟಾಗಿ ತಿಳಿಸಿದವಳು ನೋಂದಣಿ ಕಚೇರಿಯ ಗುಮಾಸ್ತೆ ಲೊರೆದಾನ.

ಗುರುವಾರ ಬೆಳಗ್ಗೆ ಓಣಿ ತುಂಬ ಮಂಜು. ಎದುರಿನ ಗೋಡೆಯೂ ಹಾಲಿನಲ್ಲಿ ನೆನೆಸಿದ ರೊಟ್ಟಿಯಂತೆ ಮೆತ್ತಗೆ ಕಾಣುತ್ತಿತ್ತು. ಮೇಷ್ಟ್ರು ಹೆಸರು ಬರೆದು ಅಂಟಿಸುತ್ತಿದ್ದಂತೆ ಎದುರು ಮನೆಯ ಮುದುಕಿ ಅಸುಂತ ಕಿಟಕಿ ತೆರೆದಳು.

“ಯಾರಪ್ಪಾ ಅದು, ಆ ಮನೆ ಬಾಗಿಲಲ್ಲಿ?”

“ನಾನಮ್ಮಾ. ಇಲ್ಲೇ ಇರೋನು. ನಾಲ್ಕು ತಿಂಗಳಾಯ್ತು.”

“ಆ ಮನೇಲಿ? ನೀವಾ?” ಅಸುಂತ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. “ಅಯ್ಯೋ, ಯಾರೂ ಇಲ್ಲ ಅಂತ ಪೊಲೀಸ್ನೋರಿಗೆ ನಾನೇ ಹೇಳ್ಬಿಟ್ನಲ್ಲ! ಹಾಗಾದ್ರೆ ಆ ಹೆಜ್ಜೆ ಸದ್ದು ನಿಮ್ದೇನಾ?”

“ನಂದೇ.”

“ಸದ್ಯ! ಮತ್ತೆ ಆ ಹಾಡು?”

“ಯಾವ ಹಾಡು? ನಾನು ಹಾಡೋದೇ ಇಲ್ಲವಲ್ಲ.”

ಅಸುಂತ ಮತ್ತೊಮ್ಮೆ ಶಿಲುಬೆ ಬರೆದುಕೊಂಡಳು. ಆಮೇಲೆ ಸದ್ದಿಲ್ಲದೆ ಕಿಟಕಿ ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಅಷ್ಟರಲ್ಲಿ ಕ್ಷೌರಿಕ ದೊನಾತೊ ಮಂಜಿನೊಳಗಿಂದ ಏದುಸಿರು ಬಿಡುತ್ತ ಓಡಿಬಂದ.

“ಮೇಷ್ಟ್ರೇ, ಇಲ್ಲೇನು ಕಡಿದು ಕಟ್ಟೆ ಹಾಕ್ತಿದೀರಾ? ಕ್ವಿರೀನೊ ಚೌಕದ ಕಾಫಿ ಅಂಗಡೀಲಿ ಕೂತವ್ನೆ. ಕೈ ಹಿಡಿದು ಎಳ್ಕೊಂಡು ಬನ್ನಿ, ಇಲ್ದಿದ್ರೆ ಈ ಮಂಜಲ್ಲಿ ಅವನಿಗೆ ಮನೆ ಸಿಕ್ಕಂಗೇ!”

ಮೇಷ್ಟ್ರು ಬಾಗಿಲಿಗೆ ಎರಡು ಸುತ್ತು ಬೀಗ ಹಾಕಿ, ಕೀಲಿ ಜೇಬಿಗಿಳಿಸಿ ಓಡಿದರು. ಅಂಗಡಿಯಲ್ಲಿ ಖಾಲಿ ಲೋಟ ಮಾತ್ರ ಇತ್ತು.

“ಈಗ ತಾನೆ ಚರ್ಚಿನ ಮೆಟ್ಟಿಲ ಕಡೆಯಿಂದ ನಿಮ್ಮನೇಗೇ ಹೋದ್ರಲ್ಲ!” ಎಂದ ಅಂಗಡಿಯವನು.

ವಾಪಸು ಓಟ. ಒದ್ದೆ ಕಲ್ಲಿನ ಮೇಲೆ ಎರಡು ಸಲ ಜಾರಿ, ಒಂದು ಮೊಣಕಾಲು ತರಚಿಕೊಂಡು ಓಣಿಯ ತಿರುವಿಗೆ ಬಂದಾಗ ಅವರ ಮನೆಯ ಬಾಗಿಲು ತೆರೆಯಿತು. ಕ್ವಿರೀನೊ ಮೀಸೆ ಒರೆಸಿಕೊಳ್ಳುತ್ತ ಹೊರಗೆ ಬಂದ.

“ಆಯ್ತು ಮೇಷ್ಟ್ರೇ! ಮನೆ ನೋಡ್ದೆ, ನಿಮ್ ಹಾಸಿಗೆ ನೋಡ್ದೆ, ಪುಸ್ತಕ ನೋಡ್ದೆ. ಎಲ್ಲಾ ಸರಿಯಾಗಿದೆ. ಅರ್ಜಿ ಫೋಟೋದಲ್ಲಿದ್ದ ನಿಮ್ಮನ್ನೂ ಈಗ ನೋಡ್ದಂಗಾಯ್ತು.”

“ಒಳಗೆ... ಹೆಂಗೆ ಹೋದ್ರಿ?”

“ಅಮ್ಮಾವ್ರು ತೆಗೆದ್ರಲ್ಲ. ಒಳ್ಳೇ ಹೆಂಗಸು. ಬೇಡ ಅಂದ್ರೂ ಕೇಳ್ದೆ ಅಂಜೂರದ ಕೇಕು ತಿನ್ಸಿದ್ರು. ಕೈ ಮಾತ್ರ ತುಂಬಾ ತಣ್ಣಗಿದೆ, ಒಲೆಗೊಂದಿಷ್ಟು ಸೌದೆ ಹಾಕಿ ಪಾಪ.”

ಮೇಷ್ಟ್ರು ಜೇಬು ಮುಟ್ಟಿ ನೋಡಿಕೊಂಡರು. ಕೀಲಿ ಅಲ್ಲೇ ಇತ್ತು. ಕ್ವಿರೀನೊ ಟೋಪಿ ಸರಿಮಾಡಿಕೊಂಡು ಮಂಜಿನಲ್ಲಿ ಕರಗಿಹೋದ.

ಒಳಗೆ ಹೋಗಲು ಧೈರ್ಯ ಸಾಲದೆ ಅವರು ಹೊಸ್ತಿಲಿಂದಲೇ ಕಚೇರಿಗೆ ನಡೆದರು. ಲೊರೆದಾನ ಆಗಲೇ ವರದಿ ಓದುತ್ತಿದ್ದಳು. ಮುಖ ಗಂಟಿಕ್ಕಿತ್ತು.

“ಏನ್ ಮೇಷ್ಟ್ರೇ ಇದು? ಅರ್ಜೀಲಿ ಮನೇಲಿರೋದು ಒಬ್ರೇ ಅಂತ ಬರ್ದಿದೀರಿ. ವರದೀಲಿ ಇಬ್ರು. ತಪ್ಪು ಮಾಹಿತಿ ಆಗುತ್ತೆ. ಅರ್ಜಿ ವಜಾ.”

“ಅಮ್ಮಾ, ನನ್ನ ಮನೇಲಿ ಬೇರೆ ಯಾರೂ ಇಲ್ಲ!”

“ಪೊಲೀಸ್ನೋರು ಕೇಕು ತಿಂದವ್ರೆ. ಇಲ್ಲ ಅನ್ನೋದು ಹೆಂಗೆ?”

“ಆಕೆ... ಬದುಕಿರೋರಲ್ಲ ಅನ್ಸುತ್ತೆ.”

ಲೊರೆದಾನ ಪೆನ್ನು ಕೆಳಗಿಟ್ಟಳು. “ಮರಣ ಪ್ರಮಾಣಪತ್ರ ಉಂಟಾ?”

“ಇಲ್ಲ.”

“ಹಂಗಾದ್ರೆ ಬದುಕವ್ರೆ.” ಹೊಸದೊಂದು ಫಾರಂ ಮುಂದೆ ತಳ್ಳಿದಳು. “ಮನೇಲಿರೋರ ಹೆಸರು, ರುಜು ಎರಡೂ ಬೇಕು. ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕ್ತೀನಿ.”

ಮೇಷ್ಟ್ರು ಚೌಕದ ಕಟ್ಟೆಯ ಮೇಲೆ ಕೂತು ಯೋಚಿಸಿದರು. ದೆವ್ವಕ್ಕೆ ಹೆದರಿದರೆ ಮನೆ ಬಿಡಬೇಕು, ಕಚೇರಿಗೆ ಹೆದರಿದರೆ ದೇಶವನ್ನೇ ಬಿಡಬೇಕು. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಮಾರಿದ ಮನೆಯಲ್ಲಿ ಈಗ ಯಾರದೋ ಮಕ್ಕಳು ಆಡುತ್ತಿದ್ದವು. ಎದ್ದರು.

ಮನೆಯಲ್ಲಿ ಅಡುಗೆಕೋಣೆಯ ಮೇಜಿನ ಮೇಲೆ ಫಾರಂ ಇಟ್ಟು, ಪಕ್ಕದಲ್ಲಿ ಪೆನ್ನಿಟ್ಟರು.

“ಅಮ್ಮಾ,” ಎಂದರು ಖಾಲಿ ಕೋಣೆಗೆ, “ನೀವು ಯಾರಾದ್ರೂ ಆಗಿರಿ. ನನ್ನದೇನೂ ತಕರಾರಿಲ್ಲ, ಇಬ್ರೂ ಹೊಂದ್ಕೊಂಡು ಇರೋಣ. ಒಂದು ರುಜು ಹಾಕಿಬಿಡಿ, ಸಾಕು.”

ಹೊರಗೆ ಬಂದು ಬಾಗಿಲೆಳೆದುಕೊಂಡು ನೂರರವರೆಗೆ ಎಣಿಸಿದರು. ಎಪ್ಪತ್ತರ ಹೊತ್ತಿಗೆ ಒಳಗೆ ಕುರ್ಚಿ ಸರಿದ ಸದ್ದಾಯಿತು. ನೂರಾದ ಮೇಲೂ ಇನ್ನೊಂದು ಐವತ್ತು ಎಣಿಸಿ ಒಳಗೆ ಹೋದರು.

ಫಾರಂ ತುಂಬಿತ್ತು. ಶಾಯಿ ಇನ್ನೂ ಹಸಿ. ಅಕ್ಷರ ಹಳೆಯ ಕಾಲದ್ದು, ಮುತ್ತು ಪೋಣಿಸಿದಂತೆ. ಮನೆಯ ಯಜಮಾನಿ ಎಂಬಲ್ಲಿ ಆಕೆಯ ಹೆಸರಿತ್ತು, ರುಜುವೂ ಇತ್ತು. ಮೇಷ್ಟ್ರು ನಿಟ್ಟುಸಿರು ಬಿಟ್ಟು, ಕೈ ಮುಗಿದು, ಕಚೇರಿಗೆ ಓಡಿದರು. ಒಂದಕ್ಕೆ ಐದು ನಿಮಿಷವಿತ್ತು.

ಲೊರೆದಾನ ಕನ್ನಡಕ ಏರಿಸಿ ಓದಿದಳು. ರುಜು ನೋಡಿ ತಲೆಯಾಡಿಸಿದಳು. ಮುದ್ರೆ ಎತ್ತಿಕೊಂಡಳು. ಎತ್ತಿದ ಕೈ ಅಲ್ಲೇ ನಿಂತಿತು.

“ಎರಡನೇ ಸಾಲು ಓದಿದ್ರಾ ಮೇಷ್ಟ್ರೇ?”

ಓದಿರಲಿಲ್ಲ. ಅನೀಬಲ್ ಎಂಬ ಹೆಸರಿನ ಎದುರು, ಯಜಮಾನಿಗೆ ಏನಾಗಬೇಕು ಎಂಬ ಕಾಲಂನಲ್ಲಿ, ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು:

‘ಅತಿಥಿ. ಭಾನುವಾರದವರೆಗೆ ಮಾತ್ರ.’