ಐದು ಗಂಟೆಯ ಹಾಸಿಗೆ

ಶಟಲ್ ಬ್ಯಾಟಿಗೆ ಜೇಡ ಬಲೆ ಕಟ್ಟಿದ್ದೇ ಎಲ್ಲಕ್ಕೂ ಮೂಲ. ಬೆಳಿಗ್ಗೆ ಚಪ್ಪಲಿ ಹುಡುಕುತ್ತಿದ್ದವಳ ಕಣ್ಣಿಗೆ ಅದು ಬಿತ್ತು. ಮಗಳ ಹುಟ್ಟುಹಬ್ಬಕ್ಕೆಂದು ತಂದ ಜೋಡಿ ಬ್ಯಾಟು. ಮಗಳದ್ದರ ಹಿಡಿ ಬೆವರಿಗೆ ಕಪ್ಪಾಗಿತ್ತು. ಅಮ್ಮನದ್ದರಲ್ಲಿ ಜೇಡ ಸಂಸಾರ ಹೂಡಿತ್ತು.

"ತೆಗೀಬೇಡಮ್ಮಾ, ಪಾಪ," ಎಂದಳು ಮಗಳು. "ಅದಾದ್ರೂ ಆ ಬ್ಯಾಟಲ್ಲಿ ಆಡ್ಕೊಳ್ಳಲಿ."

ಕಿಟಕಿಯ ಬಳಿ ಪತ್ರಿಕೆಯ ಹಿಂದೆ, ಮೊಮ್ಮಗಳ ಮಾತಿಗೆ ಅಪ್ಪ ನಕ್ಕಿದ್ದು ಕೇಳಿಸಿತು.

"ಇವತ್ತು ಕಾರ್ಖಾನೆಯಿಂದ ಐದಕ್ಕೇ ಹೊರಡ್ತೀನಿ," ಎಂದಳು ಅಮ್ಮ. "ಬೆಳಕಿರುವಾಗಲೇ ಆಡೋಣ. ನಿನ್ನಾಣೆ."

"ಮೊನ್ನೆಯೂ ಆಣೆ ಮಾಡಿದ್ದೆ."

"ಅದು ಬೇರೆ ಆಣೆ."

ಅವಳು ಹಾಸಿಗೆ ಕಾರ್ಖಾನೆಯ ಮುಖ್ಯಸ್ಥೆ. ಊರಿಗೆಲ್ಲ ನಿದ್ದೆ ಹಂಚುವವಳಿಗೆ ತನ್ನ ಪಾಲಿನದು ಉಳಿಯುತ್ತಿರಲಿಲ್ಲ. ಅದೇ ಕಾರ್ಖಾನೆಗೆ ಹಿಂದೆ ಅಪ್ಪ ಮುಖ್ಯಸ್ಥರಾಗಿದ್ದರು. ಸಂಜೆ ಬಿಸಿಲು ಎದುರು ಮನೆಯ ಗೋಡೆ ಹತ್ತುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಅವರ ಸೈಕಲ್ ಗಂಟೆ ಕೇಳುತ್ತಿತ್ತು. ಆಗಿನ್ನೂ ಚಿಕ್ಕವಳಾದ ಅವಳು ಬರಿಗಾಲಲ್ಲೇ ಓಡುತ್ತಿದ್ದಳು. ಅಪ್ಪ ಅವಳನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು, ಮನೆಯನ್ನೂ ದಾಟಿ, ಬೀದಿಯ ಕೊನೆವರೆಗೆ ಹೋಗಿ ತಿರುಗಿ ಬರುತ್ತಿದ್ದರು. ಅವರ ಅಂಗಿಗೆ ಅಂಟಿದ ಹತ್ತಿಯ ಎಳೆ ಮೂಗಿಗೆ ಕಚಗುಳಿ ಇಡುತ್ತಿತ್ತು. ಹತ್ತಿಯ ಆ ವಾಸನೆಯೇ ಅವಳಿಗೆ ಸಂಜೆಯ ವಾಸನೆ. ಮಗಳಿಗೆ ಅಂಥ ಒಂದು ಸಂಜೆಯಾದರೂ ಬೇಡವೇ?

ಕಾರ್ಖಾನೆಗೆ ಬಂದವಳೇ ಎಲ್ಲರನ್ನೂ ಸೇರಿಸಿದಳು. "ಐದಾದ ಮೇಲೆ ಇಲ್ಲಿ ಯಾರೂ ಇರಕೂಡದು. ನಮಗೂ ಮನೆ ಅಂತ ಒಂದಿದೆ. ಯಾರಾದ್ರೂ ದಣಿದಿದ್ದರೆ ಬಲವಂತವಾಗಿ ವಿಶ್ರಾಂತಿ ಕೊಡಿಸಿ. ಅದು ನಾನೇ ಆಗಿದ್ರೂ ಸರಿ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಮೇಡಂ ಇದ್ದಾರಲ್ಲ ಎಂದು ಅವರು, ಅವರಿದ್ದಾರಲ್ಲ ಎಂದು ಮೇಡಂ, ಹೀಗೆ ಒಬ್ಬರಿಗಾಗಿ ಒಬ್ಬರು ಕತ್ತಲಾಗುವವರೆಗೆ ಕೂತು ರೂಢಿಯಾಗಿತ್ತು. ಇವತ್ತೇಕೆ ಈ ಮಾತು?

ಉಗ್ರಾಣದ ಗುಮಾಸ್ತನನ್ನು ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು. ಯಾರು ಕೇಳಲಿ ಬಿಡಲಿ, ಬಿತ್ತರಿಸುತ್ತಿದ್ದ. ಮೇಡಂಗೆ ಏನೋ ದೊಡ್ಡ ಕಾಯಿಲೆ ಎಂದು ಊಟದ ಹೊತ್ತಿಗಾಗಲೇ ಬಿತ್ತರಿಸಿಯಾಗಿತ್ತು. ಹೊಲಿಗೆ ವಿಭಾಗದ ಹಿರಿಯಕ್ಕ ದಿಂಬು ಹಿಡಿದುಕೊಂಡೇ ಮೇಡಂ ಕೋಣೆಗೆ ಬಂದಳು.

"ಡಾಕ್ಟರು ಏನಂದ್ರು, ಹೇಳಮ್ಮಾ. ನನ್ನ ಹತ್ರ ಮುಚ್ಚಿಡಬೇಡ."

"ನನಗೇನೂ ಆಗಿಲ್ಲ ಅಕ್ಕಾ."

"ನನ್ನ ನಾದಿನಿಯೂ ಹಾಗೇ ಅಂತಿದ್ಲು."

"ಆಮೇಲೆ?"

"ಈಗಲೂ ಹಾಗೇ ಅಂತಾಳೆ. ಯಾರು ನಂಬ್ತಾರೆ?"

ದಿಂಬನ್ನು ಕುರ್ಚಿಗೆ ತುರುಕಿ ಹೋದಳು. ಅವಳ ಹಿಂದೆ ಇನ್ನೊಬ್ಬರು, ಇನ್ನೊಂದು ದಿಂಬು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಮೇಡಂ ಮೊಟ್ಟೆಗೆ ಕೂತ ಕೋಳಿಯಂತೆ ಎತ್ತರಕ್ಕೇರಿದ್ದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಐದಕ್ಕೆ ಸರಿಯಾಗಿ ಕೆಳಗಿಳಿದು ಚೀಲ ಹೆಗಲಿಗೇರಿಸಿದಳು. ಬಾಗಿಲಲ್ಲಿ ರೇಡಿಯೊ ಅಡ್ಡ ನಿಂತಿದ್ದ.

"ಮೇಡಂ, ಮಾದರಿ ಹಾಸಿಗೆ! ಲಾರಿ ಕಾಯ್ತಾ ಇದೆ."

ಹಾಸಿಗೆಗಳು ಲಾರಿ ಹತ್ತುವ ಮೊದಲು ಅವುಗಳಲ್ಲೊಂದರ ಮೇಲೆ ಮುಖ್ಯಸ್ಥರೇ ಮಲಗಿ ನೋಡಬೇಕು. ಅಪ್ಪನ ಕಾಲದಿಂದ ಬಂದ ನಿಯಮ. ಬೆಳಿಗ್ಗೆಯೇ ಆಗಬೇಕಿತ್ತು; ಆರೋಗ್ಯ ವಿಚಾರಿಸುವವರ ಗದ್ದಲದಲ್ಲಿ ಮರೆತೇ ಹೋಗಿತ್ತು.

"ಎರಡೇ ನಿಮಿಷ," ಎನ್ನುತ್ತ ಮಲಗಿದಳು. ಎಡಕ್ಕೆ ಹೊರಳಿದಳು, ಹೊಲಿಗೆ ಸರಿ. ಬಲಕ್ಕೆ ಹೊರಳಿದಳು, ಗಂಟಿಲ್ಲ. ಹೊಸ ಹತ್ತಿಯ ವಾಸನೆ ಮೂಗಿಗೆ ಬಂತು. ಎಲ್ಲೋ ತಿರುವಿನಲ್ಲಿ ಸೈಕಲ್ ಗಂಟೆ ಕೇಳಿದಂತಾಯಿತು. ಕಂಬಿ ಇನ್ನೂ ಬೆಚ್ಚಗಿತ್ತು. ಎದುರು ಮನೆಯ ಗೋಡೆಯ ಮೇಲೆ ಬಿಸಿಲಿತ್ತು. "ಅಪ್ಪಾ, ಇನ್ನೊಂದು ಸುತ್ತು," ಎಂದಳು.

ಅವಳ ಗೊರಕೆ ಕೇಳಿ ರೇಡಿಯೊ ಪಿಸುಗುಟ್ಟಿದ: "ಹಾಸಿಗೆ ಪಾಸು!" ಲಾರಿ ಹೊರಟಿತು.

ಎಚ್ಚರವಾದಾಗ ಕಿಟಕಿಯಲ್ಲಿ ಬೀದಿದೀಪದ ಬೆಳಕಷ್ಟೇ ಇತ್ತು. ಚಪ್ಪಲಿ ಕಳಚಿ ಜೋಡಿಸಿಟ್ಟಿದ್ದರು. ಮೈಮೇಲೆ ಹೊದಿಕೆ, ತಲೆಯ ಕೆಳಗೆ ಹಿರಿಯಕ್ಕನ ದಿಂಬು. ಯಂತ್ರಗಳೆಲ್ಲ ನಿಂತು, ಒಂದು ನರಪಿಳ್ಳೆಯೂ ಇಲ್ಲದೆ ಕಾರ್ಖಾನೆ ತೆಪ್ಪಗಿತ್ತು. ಅವಳ ಮಾತನ್ನು ಅವರು ಇಷ್ಟು ಅಚ್ಚುಕಟ್ಟಾಗಿ ಹಿಂದೆಂದೂ ಪಾಲಿಸಿರಲಿಲ್ಲ.

ಧಡಕ್ಕನೆ ಏಳಹೋದವಳ ಕೈಗೆ ಏನೋ ತಗುಲಿತು. ಬ್ಯಾಟು. ಅದರಾಚೆ, ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿ ಮಗಳು.

"ಎದ್ದೆಯಾ?" ಪಕ್ಕಕ್ಕೆ ಎಳೆದುಕೊಂಡ ಅವಳ ಕುರ್ಚಿಯಲ್ಲಿ, ಉಳಿದ ದಿಂಬುಗಳ ಮೇಲೆ ಕಾಲು ಜೋತು ಬಿಟ್ಟುಕೊಂಡು ಅಪ್ಪ ಕೂತಿದ್ದರು. "ನೀನು ಮಲಗಿದೀಯ ಅಂತ ನಿಮ್ಮ ರೇಡಿಯೊ ಫೋನ್ ಮಾಡಿದ. ಇವಳು ಎರಡೂ ಬ್ಯಾಟು ಎತ್ಕೊಂಡು ಹೊರಟೇಬಿಟ್ಲು. ಬೆಳಕಿರುವಾಗಲೇ ಬಂದ್ವಿ."

"ಎಬ್ಬಿಸಬಾರದಿತ್ತಾ ಅಪ್ಪಾ!"

"ನಾನು ಎಬ್ಬಿಸೋಣ ಅಂದೆ, ಇವಳು ಬಿಡಲಿಲ್ಲ. ಅಮ್ಮ ಕೆಲಸದಲ್ಲಿದ್ದಾಳೆ, ತೊಂದರೆ ಕೊಡಬಾರದು ಅಂದ್ಲು. ಕಾಯ್ತೀನಿ ಅಂತ ಪಕ್ಕದಲ್ಲಿ ಒರಗಿದವಳು ಹಾಗೇ ನಿದ್ದೆ ಹೋದ್ಲು. ಹಾಸಿಗೆ ಚೆನ್ನಾಗಿದೆ ಕಣೇ."

ಅವಳಿಗೆ ಅಳು ಬರುವಂತಾಯಿತು. "ನೀವು ಹೇಗೆ ದಿನಾ ಐದಕ್ಕೆ ಹೊರಡ್ತಿದ್ರಿ?"

"ನಾನು ಬೆಳಿಗ್ಗೆಯೇ ಮಲಗಿ ನೋಡಿ ಮುಗಿಸ್ತಿದ್ದೆ. ಸಂಜೆ ಹೊತ್ತು ಹೊಸ ಹತ್ತಿಗೆ ಯಾರಾದ್ರೂ ಬೆನ್ನು ಕೊಡ್ತಾರೇನೇ?"

ಅವಳು ಮಗಳನ್ನು ಹೆಗಲಿಗೆ ಹಾಕಿಕೊಂಡಳು. ಎಂದಿನಂತೆ ಇವತ್ತೂ ಮಲಗಿದ ಮಗಳೇ ಕೈಗೆ ಸಿಕ್ಕಿದ್ದು. ಮಗಳು ನಿದ್ದೆಯಲ್ಲೇ ಅಮ್ಮನ ಕುತ್ತಿಗೆಗೆ ಮೂಗು ಉಜ್ಜಿ, ಅಲ್ಲಿ ಅಂಟಿದ್ದ ಹತ್ತಿಯ ಎಳೆಗೆ ಒಂದು ಸೀನು ಸೀನಿದಳು.

ಅಪ್ಪ ಬ್ಯಾಟುಗಳನ್ನು ಎತ್ತಿಕೊಂಡರು. ಒಂದನ್ನು ಮಾತ್ರ ತುಂಬಿದ ಲೋಟ ಹಿಡಿದಂತೆ ಹಿಡಿದಿದ್ದರು.

"ಮೆಲ್ಲಗೆ ನಡಿ," ಎಂದರು. "ನಿನ್ನ ಬ್ಯಾಟಲ್ಲಿ ಜೇಡವೂ ಮಲಗಿದೆ."