ಅತ್ತೆ ಬೇಯಿಸಿದ ಥರ್ಮೋಸ್ಟಾಟ್

ಅಳಿಯ ಮನೆಗೆ ಬಂದರೆ ಅತ್ತೆಯಾದವರು ಏನು ಬೇಯಿಸುತ್ತಾರೆ ಹೇಳಿ? ಹೋಳಿಗೆಗೆ ಬೇಳೆ ಬೇಯಿಸುತ್ತಾರೆ, ಪಾಯಸಕ್ಕೆ ಶಾವಿಗೆ ಬೇಯಿಸುತ್ತಾರೆ. ನನ್ನ ಅತ್ತೆ ನನ್ನ ಕಣ್ಣೆದುರಿಗೇ ಕಾರಿನ ಬಿಡಿಭಾಗ ಬೇಯಿಸಿದವರು! ಅದೂ ಮದುವೆಯಾದ ಮೇಲೆ ನನ್ನನ್ನು ಮೊದಲ ಸಲ ಊಟಕ್ಕೆ ಕರೆದ ದಿನ!

ಅದಕ್ಕೂ ಮುಂಚೆಯೇ ನಾನು ಎಚ್ಚೆತ್ತುಕೊಳ್ಳಬೇಕಾಗಿತ್ತು. ಹೆಣ್ಣು ನೋಡಲು ಹೋದ ದಿನವೇ ಸೂಚನೆ ಸಿಕ್ಕಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಕೆ.ಆರ್.ಪುರದ ಬಾಡಿಗೆ ಮನೆಯಲ್ಲಿ. ಹೆಣ್ಣಿನ ಮನೆ ಜೀವನ್ ಬಿಮಾ ನಗರದಲ್ಲಿ. ಆಟೋದಲ್ಲಿ ಹೋದರೆ ಗೌರವ ಕಡಿಮೆಯಾದೀತೆಂದು ನಮ್ಮ ಚಿಕ್ಕಪ್ಪ ಯಾರದೋ ಹಳೆಯ ಕಾರನ್ನು ಎರವಲು ತಂದಿದ್ದರು. ಅದು ಗೌರವವಾಗಿಯೇ ಹೊರಟಿತು. ಆದರೆ ಹೆಣ್ಣಿನ ಮನೆಯ ಗೇಟಿನ ಮುಂದೆ ನಿಂತದ್ದೇ ತಡ, ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಕಕ್ಕತೊಡಗಿತು. ಚಿಕ್ಕಪ್ಪ ಬಾನೆಟ್ ಎತ್ತಿ, ಹೆಗಲ ಮೇಲಿನ ಜರಿ ವಲ್ಲಿಯನ್ನೇ ಕೈಗೆ ಸುತ್ತಿಕೊಂಡು, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು.

"ಮುಟ್ಟಬೇಡ್ರೀ ಅದನ್ನ!"

ಆ ಕೂಗಿಗೆ ಚಿಕ್ಕಪ್ಪ ಹಿಂದಕ್ಕೆ ಹಾರಿದರು. ಹಾರಿದವರ ಒಂದು ಕಾಲು ಚರಂಡಿಯಲ್ಲಿ! ನೋಡಿದರೆ, ಗೇಟಿನಿಂದ ಓಡಿ ಬರುತ್ತಿದ್ದವರು ಮೈಸೂರು ರೇಷ್ಮೆ ಸೀರೆಯುಟ್ಟ, ಮುಡಿ ತುಂಬ ಮಲ್ಲಿಗೆ ಮುಡಿದ, ಕುಳ್ಳಗಿನ ಹೆಂಗಸು. ಹೆಣ್ಣಿನ ತಾಯಿ!

"ಕಾದಿರೋ ರೇಡಿಯೇಟರ್ ಮುಚ್ಚಳ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಎರಚುತ್ತೆ ಗೊತ್ತಾ? ಬೀಗರಾಗೋಕೆ ಮುಂಚೆ ಬರ್ನ್ಸ್ ವಾರ್ಡಿಗೆ ಹೋಗ್ಬೇಕಾ ನೀವು?"

ಬಂದವರನ್ನು ಬನ್ನಿ ಎನ್ನಲಿಲ್ಲ, ಕಾಲಿಗೆ ನೀರು ಕೊಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇಂಜಿನ್ನಿನ ಮೇಲೆ ಬಗ್ಗಿದರು. ರೇಡಿಯೇಟರಿಗೆ ಸೇರುವ ಎರಡು ರಬ್ಬರ್ ಕೊಳವೆಗಳನ್ನು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ, ಒಂದೊಂದಾಗಿ ಮುಟ್ಟಿ ನೋಡಿದರು.

"ಮೇಲಿನದು ಕೆಂಡ, ಕೆಳಗಿನದು ತಣ್ಣಗೆ. ಅಂದ್ರೆ ನೀರು ಓಡಾಡ್ತಾನೇ ಇಲ್ಲ. ಥರ್ಮೋಸ್ಟಾಟ್ ಮುಚ್ಕೊಂಡು ಕೂತ್ಬಿಟ್ಟಿದೆ." ಆಮೇಲೆ ನನ್ನ ಕಡೆ ತಿರುಗಿ, "ಹುಡುಗ ನೀವೇನಾ? ಸ್ವಲ್ಪ ಈ ಟಾರ್ಚ್ ಹಿಡ್ಕೊಳ್ಳಿ" ಎಂದರು.

ಹೀಗೆ ನಾನು ಬಾನೆಟ್ಟಿನ ಆ ಕಡೆ ಟಾರ್ಚ್ ಹಿಡಿದು ನಿಂತೆ. ಗದ್ದಲ ಕೇಳಿ ಹೊರಗೆ ಬಂದ ಹುಡುಗಿ ಈ ಕಡೆ ಬಕೆಟ್ ಹಿಡಿದು ನಿಂತಳು. ಹಬೆ ಚದುರಿದ ಮೇಲೆ ಒಬ್ಬರ ಮುಖ ಒಬ್ಬರಿಗೆ ಕಂಡಿತು. ಶಾಸ್ತ್ರ ಮುಗಿಯಿತು! ನಮ್ಮಮ್ಮ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದವರು ಮನೆಗೆ ಹಿಂತಿರುಗುವವರೆಗೂ ತೆಗೆಯಲಿಲ್ಲ. ತೆಗೆದ ಮೇಲೆ ಆಡಿದ ಮೊದಲ ಮಾತು, "ಅಲ್ವೋ, ನಾವು ಹೋಗಿದ್ದು ಹೆಣ್ಣು ನೋಡೋಕೋ, ಗ್ಯಾರೇಜಿಗೋ?"

ಮದುವೆಯಾಯಿತು. ಮೊದಲ ಊಟಕ್ಕೆ ಅಮ್ಮನನ್ನೂ ಕರೆದುಕೊಂಡು ಹೋದೆ. ಮಾವ ಪೇಪರಿನ ಹಿಂದಿನಿಂದ "ಬನ್ನಿ, ಬನ್ನಿ" ಎಂದರು. ವಿಮಾ ಕಚೇರಿಯಲ್ಲಿದ್ದ ಅವರು ಮನೆಯಲ್ಲಿ ಅದಕ್ಕಿಂತ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಅತ್ತೆ ಅದರೊಳಗೆ ದಾರವೊಂದನ್ನು ಇಳಿಬಿಟ್ಟು, ಮೀನು ಹಿಡಿಯುವವರಂತೆ ಕಣ್ಣು ಮಿಟುಕಿಸದೆ ನಿಂತಿದ್ದರು. ಬೀಗಿತ್ತಿಗೆ ಸಹಾಯ ಮಾಡೋಣವೆಂದು ಅಮ್ಮ ಸೌಟು ಹಿಡಿದು ಹತ್ತಿರ ಹೋದರು.

"ಹುರುಳಿಕಾಳಾ?"

"ಅಲ್ಲ, ಥರ್ಮೋಸ್ಟಾಟು."

ಅಮ್ಮನ ಕೈಯಿಂದ ಸೌಟು ಜಾರಿತು. ನಾನು ಇಣುಕಿ ನೋಡಿದೆ. ದಾರದ ತುದಿಯಲ್ಲಿ ಪುಟ್ಟ ಹಿತ್ತಾಳೆಯ ಬಿಲ್ಲೆಯೊಂದು ನೇತಾಡುತ್ತಿತ್ತು. ಇಂಜಿನ್ ತಣ್ಣಗಿರುವಾಗ ನೀರನ್ನು ಒಳಗೇ ತಡೆದು, ಕಾದ ಮೇಲೆ ಬಾಗಿಲು ತೆರೆದು ರೇಡಿಯೇಟರಿಗೆ ಬಿಡುವುದು ಅದರ ಕೆಲಸವಂತೆ.

"ಅದರ ಬಾಯಲ್ಲಿ ದಾರ ಕಚ್ಚಿಸಿದೀನಿ. ನೀರು ಕುದಿಯೋ ಹೊತ್ತಿಗೆ ಅದು ಬಾಯಿ ಬಿಟ್ಟು ದಾರದಿಂದ ಕಳಚಿ ಬೀಳ್ಬೇಕು. ಬಿದ್ರೆ ಒಳ್ಳೇದು. ಬೀಳ್ದಿದ್ರೆ ಕೆಟ್ಟಿದೆ ಅಂತ."

ನಾವು ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಯಾಕೆ ಉಸಿರು ಬಿಗಿಹಿಡಿದೆವೋ, ದೇವರಿಗೇ ಗೊತ್ತು! ಟಣ್ ಎಂದು ಬಿಲ್ಲೆ ತಳಕ್ಕೆ ಬಿತ್ತು. "ಬಾಯಿ ಬಿಡ್ತು!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಅಮ್ಮನೂ ಬಾಯಿ ಬಿಟ್ಟೇ ನಿಂತಿದ್ದರು. ಅಂದಿನ ಸಾರು ಬಹಳ ರುಚಿಯಾಗಿತ್ತು. ಆದರೆ ಅಮ್ಮ ಮುಟ್ಟಲಿಲ್ಲ. "ಯಾವ ಪಾತ್ರೇಲಿ ಮಾಡಿದ್ರೋ" ಎಂದು ಕಿವಿಯಲ್ಲಿ ಉಸುರಿ, ಬರೀ ಮೊಸರನ್ನದಲ್ಲಿ ಊಟ ಮುಗಿಸಿದರು.

ಈ ಹುಚ್ಚು ಹತ್ತಿದ್ದು ಹೇಗೆಂದು ಹೆಂಡತಿಯನ್ನು ಕೇಳಿದೆ. ಅವಳು ಚಿಕ್ಕವಳಿದ್ದಾಗ ಕೋಲಾರದ ರಸ್ತೆಯಲ್ಲಿ ಕಾರು ಕುದಿದು ನಿಂತಿತಂತೆ. ಬಂದ ಮೆಕ್ಯಾನಿಕ್ಕಿಗೆ ಅತ್ತೆ ಏನಾಗಿದೆ ಎಂದು ಕೇಳಿದರೆ, "ನಿಮಗೆ ಅರ್ಥ ಆಗಲ್ಲ, ನೆರಳಲ್ಲಿ ಕೂತ್ಕೊಳ್ಳಿ" ಎಂದನಂತೆ. ಅಷ್ಟೇ! ಅಂದಿನಿಂದ ನನ್ನ ಅತ್ತೆ ನೆರಳಿಗೆ ಕಾಲಿಟ್ಟಿಲ್ಲ. ಮಾವನಿಗೆ ಡ್ರೈವಿಂಗ್ ಬೇಸರ. ಸ್ಟೀರಿಂಗೂ ಅತ್ತೆಯ ಕೈಗೇ ಬಂತು.

ಒಮ್ಮೆ ಬ್ರೇಕ್ ರಿಪೇರಿಗೆಂದು ಅತ್ತೆ ಕಾರನ್ನು ಶಿವಾಜಿನಗರದ ಗ್ಯಾರೇಜಿಗೆ ಬಿಟ್ಟಿದ್ದರು. ತರಲು ನನ್ನನ್ನೂ ಕರೆದುಕೊಂಡು ಹೋದರು. ವಾಪಸು ಹೊರಟು ರಸೆಲ್ ಮಾರ್ಕೆಟ್ ದಾಟಿರಲಿಲ್ಲ, ಅತ್ತೆ ಗಕ್ಕನೆ ನಿಲ್ಲಿಸಿದರು.

"ಹೀಟ್ ಮೀಟರಿನ ಮುಳ್ಳು ಮೇಲಕ್ಕೇ ಏರ್ತಿಲ್ಲ!"

"ಒಳ್ಳೇದೇ ಅಲ್ವಾ ಅತ್ತೆ? ಇಂಜಿನ್ ತಣ್ಣಗಿದೆ."

ಅವರು ನನ್ನನ್ನು ನೋಡಿದ ನೋಟ! ಮಗಳನ್ನು ಎಂಥವನಿಗೆ ಕೊಟ್ಟೆನಪ್ಪಾ ಎಂಬ ನೋಟ. "ತೀರಾ ತಣ್ಣಗಿದ್ರೂ ಕಾಯಿಲೇನೇ ರೀ. ಪೆಟ್ರೋಲ್ ಕುಡಿಯುತ್ತೆ, ಇಂಜಿನ್ ಸವೆಯುತ್ತೆ. ಥರ್ಮೋಸ್ಟಾಟ್ ಕಿತ್ತುಬಿಟ್ಟಿದಾನೆ!"

ಕಾರು ತಿರುಗಿಸಿ ಹೋಗಿ ಕೇಳಿದರೆ, ಗ್ಯಾರೇಜಿನ ಉಸ್ತಾದ್ ಅಲ್ಲಗಳೆಯಲಿಲ್ಲ. ಗಡ್ಡ ನೀವುತ್ತಾ ಹೆಮ್ಮೆಯಿಂದಲೇ ಹೇಳಿದ, "ಅರೇ ಅಮ್ಮಾ, ಅದು ಫಾರಿನ್ ಚಳಿಗೆ ಮಾಡಿರೋ ಸಾಮಾನು. ನಮ್ ಬೆಂಗ್ಳೂರಿಗೆ ಕಾಯ್ಕೂ? ಇದ್ರೆ ಒಂದಲ್ಲ ಒಂದಿನ ಜಾಮ್ ಆಗ್ತದೆ. ನಿಕಾಲ್ ದಿಯಾ! ಫ್ರೀ ಸರ್ವೀಸು!"

"ಬಾಗಿಲು ಒಂದಿನ ಗಟ್ಟಿಯಾಗಿ ಕೂತ್ಕೋಬಹುದು ಅಂತ ನಿಮ್ಮ ಮನೆ ಬಾಗಿಲನ್ನ ಇವತ್ತೇ ಕಿತ್ತು ಬಿಸಾಕ್ತೀರಾ ಉಸ್ತಾದ್?"

ಉಸ್ತಾದ್ ಯೋಚನೆಗೆ ಬಿದ್ದ. ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಅತ್ತೆ ಸೀಮೆಎಣ್ಣೆಯ ತೊಟ್ಟಿಗೆ ಮೊಣಕೈವರೆಗೂ ಕೈ ಇಳಿಸಿ, ನಟ್ಟು ಬೋಲ್ಟುಗಳ ರಾಶಿಯಿಂದ ತಮ್ಮ ಬಿಲ್ಲೆಯನ್ನು ಹೆಕ್ಕಿ ತೆಗೆದಿದ್ದರು. ರಸ್ತೆಯ ಜನವೆಲ್ಲ ನಿಂತು ನೋಡುತ್ತಿದ್ದರು. ನಾನು ಅವರ ಅಳಿಯನೇ ಅಲ್ಲ ಎಂಬಂತೆ ಪಕ್ಕದ ಅಂಗಡಿಯ ಟೋಪಿಗಳ ದರ ವಿಚಾರಿಸತೊಡಗಿದೆ. ಕೊನೆಗೆ ಉಸ್ತಾದ್ ನಗುತ್ತಾ ಅದನ್ನು ಮತ್ತೆ ಜೋಡಿಸಿ, ಅತ್ತೆಗೆ ಸುಲೈಮಾನಿ ಚಹಾ ತರಿಸಿಕೊಟ್ಟ. ಸುಮ್ಮನೆ ಕೂತು ಚಹಾ ಕುಡಿಯಬಾರದೇ? ಕುಡಿಯುತ್ತಲೇ ಪಕ್ಕದಲ್ಲಿದ್ದ ಇನ್ನೊಬ್ಬರ ಕಾರಿನ ಫ್ಯಾನ್ ಬೆಲ್ಟ್ ಒತ್ತಿ ನೋಡಿ, "ಇದು ಸಡಿಲ" ಎಂದರು!

ಇನ್ನು ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಪ್ರಸಂಗ. ಅದು ಬೇಸಿಗೆ. ಅತ್ತೆ ಅಮ್ಮನನ್ನು ತಮ್ಮ ಕಾರಿನಲ್ಲಿ ನಮ್ಮ ಮನೆಗೆ ಬಿಡಲು ಬರುತ್ತಿದ್ದರು. ಮುಂದೆ ಹೊಚ್ಚ ಹೊಸ ಏಸಿ ಕಾರೊಂದು ಹಬೆಯಾಡುತ್ತಿರುವುದು ಕಂಡಿತು. ಅತ್ತೆ ಜಂಕ್ಷನ್ನಿನ ನಟ್ಟನಡುವೆಯೇ ಕಾರು ನಿಲ್ಲಿಸಿ ಇಳಿದು ಹೋಗಿ ಅದರ ಗಾಜು ಬಡಿದರು. ಒಳಗೆ ಟೈ ಕಟ್ಟಿದ ಮಹಾಶಯ.

"ಏಸಿ ಆಫ್ ಮಾಡಿ. ಹೀಟರ್ ಹಾಕಿ, ಫುಲ್ಲು!"

"ಮೇಡಂ, ಈ ಬಿಸಿಲಲ್ಲಿ ಹೀಟರ್ರಾ?"

"ಇಂಜಿನ್ ಶಾಖಾನ ಅದು ನಿಮ್ಮ ಕಡೆ ಎಳ್ಕೊಳ್ಳುತ್ತೆ. ನೀವು ಬೇಯ್ತೀರಿ, ಇಂಜಿನ್ ಬದುಕುತ್ತೆ. ಯಾವುದು ಬೇಕು ಹೇಳಿ?"

ಪಾಪ, ಆತ ಟೈ ಕಿತ್ತು, ಬೆವರಲ್ಲಿ ಮಿಂದು, ಸುರಕ್ಷಿತವಾಗಿ ರಸ್ತೆಯ ಬದಿಗೆ ತಲುಪಿದ. ಹಿಂದೆ ಹಾರನ್ನುಗಳ ಮೇಳ. ಒಬ್ಬ ಕಂಡಕ್ಟರ್ ತಮಾಷೆಗೆ, "ಅಮ್ಮಾ, ನಮ್ ಬಸ್ಸೂ ಒಂಚೂರು ನೋಡಿ!" ಎಂದು ಕೂಗಿದ. ತಮಾಷೆಗೆ! ಅತ್ತೆ ನಿಜವಾಗಿಯೂ ಹೋದರು. ಅಷ್ಟರಲ್ಲಿ ಟ್ರಾಫಿಕ್ ಪೊಲೀಸ್ ಬಂದು, ಕಾರಿನಲ್ಲಿ ಒಬ್ಬರೇ ಕೂತಿದ್ದ ಅಮ್ಮನನ್ನು ಗದರಿಸಿದ.

"ಡ್ರೈವರ್ ಎಲ್ಲಮ್ಮಾ?"

ಅಮ್ಮ, "ಬಸ್ಸಿಗೆ ಜ್ವರ ಬಂದಿದೆಯಂತೆ, ನೋಡೋಕೆ ಹೋಗಿದಾರೆ" ಎಂದರಂತೆ.

ಮನೆಗೆ ಬಂದ ಅಮ್ಮ ನೀರು ಕುಡಿದು, ಇನ್ನು ಈ ಜನ್ಮದಲ್ಲಿ ಬೀಗಿತ್ತಿಯ ಕಾರು ಹತ್ತುವುದಿಲ್ಲ ಎಂದು ಆಣೆ ಮಾಡಿದರು.

ಆದರೆ ಹತ್ತಬೇಕಾಗಿ ಬಂತು. ಕೆಲವು ವರ್ಷಗಳ ಮೇಲೆ ಅಮ್ಮನಿಗೆ ಹೊಟ್ಟೆಯಲ್ಲಿ ನೋವು ಶುರುವಾಯಿತು. ಕಂಟೋನ್ಮೆಂಟಿನ ಕಡೆಯ ಆಸ್ಪತ್ರೆಯೊಂದಕ್ಕೆ ಅಲೆದಾಟ. ಯಾರೂ ಕೇಳದೆಯೇ ಅತ್ತೆ ಪ್ರತಿ ಸಲವೂ ಕಾರು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದರು. ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರು ಕನ್ನಡ ಬಿಟ್ಟು ಇಂಗ್ಲಿಷಿಗೆ ಹೊರಳಿದರು. ಮೆಲ್ಲಗೆ ಮಾತಾಡಿದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಅವರು ನೋಡುತ್ತಿದ್ದದ್ದು ಡಾಕ್ಟರ ಮುಖವನ್ನಲ್ಲ, ನನ್ನದನ್ನು.

ವಾಪಸು ಹೊರಟಾಗ ಅಮ್ಮ ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ. ಅಮ್ಮ ನೆಟ್ಟಗೆ ಕೂತು, ಕೈಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಬೀಗಿತ್ತಿಯ ಮುಂದೆ ಅಳಬಾರದು ಎಂಬ ಹಟ ಅವರ ಕತ್ತಿನ ನರದಲ್ಲಿ ಕಾಣುತ್ತಿತ್ತು. ಹಲಸೂರು ಕೆರೆಯ ದಂಡೆ ಬಂದದ್ದೇ ಅತ್ತೆ ಕಾರನ್ನು ಮರದ ಕೆಳಗೆ ನಿಲ್ಲಿಸಿದರು.

"ಇಂಜಿನ್ ಹೀಟ್ ಆಗಿದೆ. ಸ್ವಲ್ಪ ಹೊತ್ತು ನಿಲ್ಲಿಸ್ಬೇಕು. ನೀವು ಕೂತಿರಿ."

ಇಳಿದು ಹೋಗಿ ಬಾನೆಟ್ ಎತ್ತಿದರು. ಎದುರಿನ ಗಾಜು ಪೂರ್ತಿ ಮುಚ್ಚಿಹೋಯಿತು. ಅತ್ತೆ ಅದರಾಚೆಗೆ ಮರೆಯಾದರು. ಕೀಲಿಯನ್ನು ಅವರು ತೆಗೆದಿರಲಿಲ್ಲ. ನಾನು ಸುಮ್ಮನೆ ಸೀಟುಗಳ ನಡುವಿನಿಂದ ಹೀಟ್ ಮೀಟರಿನ ಮುಳ್ಳಿನ ಕಡೆ ನೋಡಿದೆ. ಮುಳ್ಳು ಎಲ್ಲಿರಬೇಕೋ ಅಲ್ಲೇ, ನಟ್ಟನಡುವೆ ನಿಂತಿತ್ತು. ಹಬೆಯಿರಲಿಲ್ಲ, ವಾಸನೆಯಿರಲಿಲ್ಲ. ಇಂಜಿನ್ನಿಗೆ ಏನೂ ಆಗಿರಲಿಲ್ಲ.

ಅಮ್ಮ ಆಗ ಅತ್ತರು. ಸೆರಗನ್ನು ಬಾಯಿಗೆ ಒತ್ತಿಕೊಂಡು, ನನ್ನ ಕೈಯನ್ನು ಹಿಂದಕ್ಕೆ ತಡಕಿ ಹಿಡಿದುಕೊಂಡು, ಅಳುವಷ್ಟು ಅತ್ತರು. ಅತ್ತೆ ಒಂದು ಸಲವೂ ಇಣುಕಲಿಲ್ಲ.

ಅಮ್ಮ ಈಗಿಲ್ಲ. ಅಂದು ಆಮೇಲೆ ಮುಖ ಒರೆಸಿಕೊಂಡು, ತಾವೇ ಬಾಗಿಲು ತೆಗೆದು ಇಳಿದದ್ದು, ಬಾನೆಟ್ಟಿನ ಕೆಳಗೆ ಅತ್ತೆಯ ಪಕ್ಕ ಹೋಗಿ ನಿಂತದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ನಾನೂ ಇಳಿದು ಹಿಂದೆ ನಿಂತಿದ್ದೆ. ಇಬ್ಬರೂ ಸರಿಯಾಗಿಯೇ ಇದ್ದ ಆ ಇಂಜಿನ್ನನ್ನು ಬಗ್ಗಿ ನೋಡುತ್ತಿದ್ದರು.

"ಇನ್ನೂ ಒಂಚೂರು ಆರ್ಲಿ ಬೀಗಿತ್ತಿ" ಎಂದರು ಅತ್ತೆ, ತಲೆ ಎತ್ತದೆ.

ಅಮ್ಮ ಅವರ ಭುಜದ ಮೇಲೆ ಕೈಯಿಟ್ಟರು.

"ಆರ್ಲಿ. ನಂಗೇನೂ ಅವಸರ ಇಲ್ಲ."